ಕಡ ತಂದ ನಾಲಿಗೆ

ದೆವ್ವದ ವೇಷ ಕಳಚಿದ ಮಾರನೇ ಬೆಳಿಗ್ಗೆ
ಎಲಿಯಟ್ ತನ್ನ ದಿಂಬಿನ ಚೀಲವನ್ನು
ನನ್ನ ಅಡುಗೆಮನೆ ನೆಲಕ್ಕೆ ಸುರಿದ.
ಎಂಬತ್ತೊಂದು ಚಾಕೊಲೇಟ್ ಬಾರು. ಎಣಿಸಿದ್ದು ಅವನೇ.
ಅವನಮ್ಮ, ನನ್ನ ಮಗಳು ಜೋನಿ,
ಊರವರ ಹಲ್ಲು ತೊಳೆದು ಬದುಕುವವಳು,
ಹತ್ತು ಇಟ್ಟುಕೋ, ಉಳಿದದ್ದು ಕಸಕ್ಕೆ
ಎಂದವಳೇ ಕಾರು ಹತ್ತಿದಳು.

ಕಸಕ್ಕಂತೆ!
ಗಾರ್ಡೀನಾದಲ್ಲಿ ನಲವತ್ತು ವರ್ಷ
ಪರರ ಹುಲ್ಲು ಕತ್ತರಿಸಿದವನು ನಾನು.
ಉದುರಿದ ಎಲೆಯನ್ನೂ ಗೊಬ್ಬರ ಮಾಡದೆ ಬಿಟ್ಟವನಲ್ಲ.
ಬಾ ಇಲ್ಲಿ, ಎಂದೆ. ಕೈ ತೊಳೆದುಕೋ.

ಕಾಗದದ ಬಣ್ಣ ನೋಡಿ ಗುಡ್ಡೆ ಹಾಕಿದೆವು.
ಕಿತ್ತಳೆಯಲ್ಲಿ ಕಡಲೆಕಾಯಿ, ನೀಲಿಯಲ್ಲಿ ಕೊಬ್ಬರಿ,
ಕಂದಿನಲ್ಲಿ ಎಳೆದಷ್ಟೂ ಬರುವ ಕ್ಯಾರಮೆಲ್.
ಅದು ಪಕ್ಕದ ಮಿಸೆಸ್ ಓಚೋವಾ ಕೊಟ್ಟದ್ದು,
ಪೂರಾ ಸೈಜಿನದು. ಬೀದಿ ಮಕ್ಕಳೆಲ್ಲ
ಮುಖವಾಡ ಬದಲಿಸಿ ಅವಳ ಬಾಗಿಲಿಗೆ ಎರಡು ಸಲ ಹೋಗುತ್ತಾರೆ.
ಅವಳಿಗೂ ಗೊತ್ತು.

ಕೊಚ್ಚಿದೆ. ಕೆನೆ ಕಡೆದೆ. ಗಟ್ಟಿ ಹಾಲು ಸುರಿದೆ.
ಉಂಡೆ ಕಟ್ಟಿ ಗ್ಯಾರೇಜಿನ ಫ್ರೀಜರಿಗೆ ಇಳಿಸಿದೆ,
ರಾತ್ರಿಯೆಲ್ಲ ಕಲ್ಲಾಗಲೆಂದು.

ಮರುದಿನ ಅಂಟಕ್ಕಿ ಹಿಟ್ಟು, ಸಕ್ಕರೆ, ನೀರು.
ಮೈಕ್ರೋವೇವಿನಲ್ಲಿ ಒಂದು ನಿಮಿಷ. ತಿರುವು. ಇನ್ನೊಂದು.
ಹಾಲಿನ ಬಣ್ಣ ಹೋಗಿ
ಉಗುರಿನ ಬಣ್ಣ ಬರುವವರೆಗೆ.
ಹೊಸ ವರ್ಷಕ್ಕೆ ಗುಡಿಯಂಗಳದಲ್ಲಿ ಮೋಚಿ ಕುಟ್ಟುವಾಗ
ಕೊಡತಿಯ ಎರಡು ಪೆಟ್ಟಿನ ನಡುವೆ
ಅಮ್ಮನ ಕೈ ಒಳಗೆ ಹೋಗಿ ಹೊರಗೆ ಬರುತ್ತಿತ್ತು.
ಈಗ ಒಂದು ಗುಂಡಿ ಒತ್ತಿದರೆ ಆಯಿತು, ಟಿಣ್ ಅನ್ನುತ್ತದೆ.
ಕಂಡಿದ್ದರೆ ನಗುತ್ತಿದ್ದಳು, ಇಲ್ಲ ಬೈಯುತ್ತಿದ್ದಳು.
ಎರಡಕ್ಕೂ ಅವಳದು ಒಂದೇ ಮುಖ.

ಮೊದಲ ಮೂರು ಹರಿದವು.
ಬೇಗ, ಎಂದೆ, ಇದು ಬೆಚ್ಚಗಿಗೂ ತಣ್ಣಗಿಗೂ ಜಗಳ,
ನಡುವೆ ನಿಂತು ಯೋಚಿಸಬೇಡ.
ಜೋಡು ಹೊಲಿಯುವವನ ಹಾಗೆ ಅಂಚು ಎಳೆ,
ಹಿಂಡು, ತಿರುಚು, ಬುಡ ಮುಚ್ಚು.
ಪೈನ್ ಮರದ ಸೂಜಿಗಳನ್ನು ಒಂದೊಂದೇ ಕಿತ್ತ
ನನ್ನ ಮೊಂಡು ಬೆರಳಿಗೆ ಇದೇನು ಮಹಾ.
ಹನ್ನೆರಡು ಕೂತವು ತಟ್ಟೆಯಲ್ಲಿ,
ಮುಖಕ್ಕೆಲ್ಲ ಪೌಡರು ಬಳಿದುಕೊಂಡು.

ನಾನು ತಿನ್ನುವ ಹಾಗಿಲ್ಲ.
ನನ್ನ ನೆತ್ತರಲ್ಲೇ ಬೇಕಾದಷ್ಟು ಮಿಠಾಯಿ,
ದಿನಾ ಬೆಳಿಗ್ಗೆ ಹೊಟ್ಟೆಗೆ ಸೂಜಿ.
ಅದಕ್ಕೇ ಹೇಳಿದೆ: ನೀನು ತಿನ್ನು. ನನಗೆ ಹೇಳು.

ಚೆನ್ನಾಗಿದೆ, ಎಂದ.
ಅದು ಡಾಕ್ಟರಿಗೆ ಹೇಳುವ ಮಾತು. ಇನ್ನೊಮ್ಮೆ ಕಚ್ಚು.
ತುಂಬಾ ಚೆನ್ನಾಗಿದೆ.
ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

ಆಗ ಹುಡುಗ ಕಣ್ಣು ಮುಚ್ಚಿದ.
ಮೊದಲು... ಯಾರದೋ ಕಿವಿ ಕಚ್ಚಿದ ಹಾಗೆ, ಜೀಚಾನ್.
ಮೆತ್ತಗೆ. ಆಮೇಲೆ ಹಲ್ಲಿಗೆ ಕೋಪ ಬರುತ್ತೆ.
ಆಮೇಲೆ ಕಡಲೆಕಾಯಿ, ಶೂ ಒಳಗೆ ಕಲ್ಲು ಸಿಕ್ಕ ಹಾಗೆ,
ಆದರೆ ಖುಷಿ.
ಕೊಬ್ಬರಿಯದು?
ಬೀಚಿನಲ್ಲಿ ಬಿದ್ದಾಗ ಬಾಯಿಗೆ ಬರುತ್ತಲ್ಲ, ಮರಳು,
ಅದು ಸಾರಿ ಕೇಳಿದ ಹಾಗೆ.

ಕ್ಯಾರಮೆಲ್?
ಉತ್ತರವಿಲ್ಲ. ಬಾಯಿ ಅಂಟಿಕೊಂಡಿತ್ತು.
ಒಂದು ಬೆರಳೆತ್ತಿ ತಾಳು ಎಂದ.
ತಾಳಿದೆ. ಫ್ರೀಜರಿನ ಗುಂಯ್ ಸದ್ದು.
ಅವನ ದವಡೆಯೊಡನೆ ನನ್ನ ದವಡೆಯೂ ಆಡುತ್ತಿತ್ತು.

ಕೊನೆಗೆ ನುಂಗಿ ಹೇಳಿದ:
ಮನೆ ಬಂದ ಮೇಲೂ ನೀನು ಕಾರಲ್ಲೇ ಕೂತಿರ್ತೀಯಲ್ಲ,
ರೇಡಿಯೋದಲ್ಲಿ ಹಾಡು ಮುಗೀಲಿ ಅಂತ.
ಹಾಗೆ.

ಆರು ಗಂಟೆಗೆ ಜೋನಿ ಬಂದಳು.
ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು,
ಬೆರಳಿಗೆ ಚುಚ್ಚಿ ಸಕ್ಕರೆ ಅಳೆದಳು.
ಅಂಕಿ ಸರಿಯಾಗಿಯೇ ಇತ್ತು.
ಯಂತ್ರ ಕೊಡವಿ
ಇನ್ನೊಂದು ಬೆರಳು ಕೇಳಿದಳು.