ತಿರುಪು

ಹುಬ್ಬಳ್ಳಿಯ ರಾತ್ರಿ ಬಸ್ಸಿನಲ್ಲಿ ಬರುತ್ತದೆ ಪೆಟ್ಟಿಗೆ.
ಬೆಳಗಿನ ನಾಲ್ಕೂವರೆ, ದಾವಣಗೆರೆ ಬಸ್‌ಸ್ಟ್ಯಾಂಡು.
ಇಳಿಸುವ ಕ್ಲೀನರ್ ದಿನಾ ಕೇಳುತ್ತಾನೆ,
"ಏನ್ರೀ ಇದು, ಗ್ಯಾರೇಜಿನ ಸಾಮಾನಾ?"
ಹೌದು ಅನ್ನುತ್ತೇನೆ.
ಹದಿನೆಂಟು ಕಿಲೋ. ಟಿವಿಎಸ್‌ನ ಮುಂದೆ ಕಾಲ ನಡುವೆ ಇಟ್ಟುಕೊಂಡು
ಪಿ.ಬಿ. ರಸ್ತೆಯ ಹಂಪುಗಳನ್ನು ಮೆಲ್ಲಗೆ ದಾಟುತ್ತೇನೆ
ಒಳಗಿರುವುದು ಆಗಲೇ ಯಾರದೋ ಬೆನ್ನು ಎಂಬ ಹಾಗೆ.

ಥಿಯೇಟರಿನಲ್ಲಿ ನನ್ನನ್ನು ಯಾರೂ ತಿಪ್ಪೇಶ ಅನ್ನುವುದಿಲ್ಲ.
"ಇಂಪ್ಲಾಂಟ್ ಬಂದನಾ?"
ಬಂದೆ ಸರ್.

ಆವತ್ತು ರಹಮತ್‌ಬಿ. ಐವತ್ತೆರಡು.
ಮಂಡಕ್ಕಿ ಭಟ್ಟಿಯ ಮುಂದೆ ಮೂವತ್ತು ವರ್ಷ ಬಗ್ಗಿ
ಕಾದ ಮರಳಲ್ಲಿ ಅಕ್ಕಿ ಅರಳಿಸಿದ ಸೊಂಟ.
ನಾಲ್ಕನೆಯ ಮಣಿ ಐದನೆಯದರ ಮೇಲಿಂದ ಜಾರಿತ್ತು
ಅವಸರಕ್ಕೆ ಒಟ್ಟಿದ ಚೀಲದ ಹಾಗೆ.
"ಓಲೆ ಬಿಚ್ಚಮ್ಮ" ಎಂದ ನರ್ಸು
ಬಗ್ಗಿ ನೋಡಿ ಸುಮ್ಮನಾದಳು.
ಕಿವಿಯ ತೂತಿನಲ್ಲಿ ಬೇವಿನಕಡ್ಡಿ.

ನನ್ನ ಕೆಲಸ ಅಳತೆ ಹೇಳುವುದು, ಅಷ್ಟೇ.
ಆರೂವರೆ, ನಲವತ್ತೈದು. ಆರೂವರೆ, ನಲವತ್ತು.
ಸೀಸದ ಅಂಗಿ ತೊಟ್ಟು ಮೂಲೆಯಲ್ಲಿ ನಿಂತು ಕೇಳುತ್ತೇನೆ:
ತಿರುಪು ಮಣಿಯೊಳಗೆ ಇಳಿಯುವ ಸದ್ದು
ಹಸಿ ಮರದ್ದಲ್ಲ, ಒಣ ಬೇವಿನದು.
ಅವಳದೇ ಎಲುಬಿನ ಚೂರುಗಳನ್ನು ನುಚ್ಚು ಮಾಡಿ
ಪಂಜರಕ್ಕೆ ತುಂಬಿದರು.
ಪಂಜರ ಅಂದರೆ ಇಷ್ಟೇ, ನನ್ನ ಹೆಬ್ಬೆರಳ ಉಗುರಿನಷ್ಟು.

ಅಪ್ಪ ಸೆಂಟ್ರಿಂಗ್ ಕೆಲಸದವನು.
ಮೋಲ್ಡಿಗೆ ಇಪ್ಪತ್ತೊಂದು ದಿನ ನೀರು ಕುಡಿಸಿ
ಒಂದೊಂದೇ ಕಂಬ ಕಿತ್ತು, ತಲೆಯೆತ್ತಿ,
ಉಸಿರು ಹಿಡಿದು ನಿಲ್ಲುತ್ತಿದ್ದ. ಆಮೇಲೆ ಬೀಡಿ.
"ಇನ್ನ ತನ್ನ ಭಾರ ತಾನೇ ಹೊರತತಿ ಬಿಡು."
ಇಲ್ಲಿಯೂ ಸರಳಿನ ಕೆಲಸ
ಎಲುಬು ಎಲುಬಿಗೆ ಬೆಸೆಯುವ ತನಕ.
ಆಮೇಲೆ ಅದಕ್ಕೆ ಹೊರುವ ಹೊರೆಯಿಲ್ಲ.
ಆದರೂ ಕೀಳುವುದಿಲ್ಲ,
ಗೃಹಪ್ರವೇಶವಾದರೂ ಮನೆಯೊಳಗೇ ಉಳಿದ ಕಂಬ.

ನಾಲ್ಕು ತಿರುಪು, ಎರಡು ಸರಳು, ಒಂದು ಪಂಜರ.
ಮತ್ತೊಂದು ತಿರುಪು ಉದ್ದವಾಯಿತೆಂದು
ಅರ್ಧ ಹೋಗಿ ಹೊರಗೆ ಬಂದಿತ್ತು.
ಅದನ್ನು ಬಿಲ್ಲಿಗೆ ಬರೆಯಲು ಕೈ ಬರಲಿಲ್ಲ.
ಪೆಟ್ಟಿಗೆಗೆ ಹಾಕುವಂತೆಯೂ ಇಲ್ಲ.
ತೊಳೆದೆ. ಜೇಬಿಗೆ ಹಾಕಿಕೊಂಡೆ.
ಆ ತಿಂಗಳ ಸಂಬಳದಲ್ಲಿ ಅದು ತನ್ನ ಪಾಲು ತಿಂದಿತು.

ಒಂಬತ್ತು ತಿಂಗಳಾದ ಮೇಲೆ ಭಟ್ಟಿಯ ಕಡೆ ಹೋದೆ.
ಎತ್ತರದ ಸ್ಟೂಲಿನ ಮೇಲೆ ಕೂತು
ಸೊಸೆಗೆ ಉರಿ ಹೇಳುತ್ತಿದ್ದಳು. ಬೆನ್ನು ನೆಟ್ಟಗೆ,
ಹೊಸ ಮೇಷ್ಟ್ರ ಹಾಗೆ.
"ಬಗ್ಗಾಕೆ ಬರಲ್ಲಪ್ಪ. ನಮಾಜಿಗೂ ಕುರ್ಚಿ.
ನೆಲಕ್ಕೆ ಹಣೆ ಮುಟ್ಟಂಗಿಲ್ಲ."
ಹೊಗೆಯಲ್ಲಿ ಕಣ್ಣು ಒರೆಸಿಕೊಂಡಳು.
"ಇರಲಿ. ಒಂದಿನ ಪೂರಾ ಮುಟ್ಟತತಿ."

ಜೇಬಿನದನ್ನು ತೆಗೆದು ಕೈಗಿತ್ತೆ.
ಬೆಳಕಿಗೆ ಹಿಡಿದಳು, ತಿರುಗಿಸಿ ನೋಡಿದಳು,
ಕಿವಿಯ ತೂತಿನ ಹತ್ತಿರ ತಂದು ನಕ್ಕಳು:
"ಅಬ್ಬಾ, ಇದಕ್ಕೆ ಎಂಥಾ ಓಲೆ ಬೇಕೋ!
ಎರಡು ತಿರುಪು ಅಡ ಇಟ್ಟು ನಾಲ್ಕು ಹಾಕಿಸ್ಕಂಡೆ,
ಲಾಭನೇ ಅಲ್ಲೇನು?"
ಆಮೇಲೆ, ಸೊಸೆಗೆ ಕೇಳಿಸದಂತೆ,
"ಮಣ್ಣಾಗೆ ಕರಗತತಾ ಇದು?"

ಇಲ್ಲಮ್ಮ. ತುಕ್ಕೂ ಹಿಡಿಯಲ್ಲ.

ಬಾಣಲೆಯಲ್ಲಿ ಅಕ್ಕಿ ಚಟಪಟ ಸಿಡಿದು ಬಿಳಿಯಾಗುತ್ತಿತ್ತು.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಪೇಪರಿನಲ್ಲಿ ಬಿಸಿ ಮಂಡಕ್ಕಿ ಸುತ್ತಿ,
ತಿರುಪನ್ನು ತನ್ನ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು
ನನ್ನ ಪೆಟ್ಟಿಗೆಯ ಕಡೆ ಕಣ್ಣು ಮಾಡಿದಳು.
"ಅದನ್ನ ಎತ್ತುವಾಗ ಮೊಣಕಾಲು ಬಗ್ಗಿಸು ಮಗಾ.
ಸೊಂಟ ಅಲ್ಲ."

ಈಗ ನಾಲ್ಕೂವರೆಯ ಬಸ್ಸಿಗೆ
ಮೊಣಕಾಲು ಬಗ್ಗಿಸಿ ಎತ್ತುತ್ತೇನೆ.
ಕ್ಲೀನರ್ ನಗುತ್ತಾನೆ. ನಗಲಿ.