ಹಗಲಿನ ದಾರಿ

ಊಟದ ತಟ್ಟೆ ಸರಿಸಿ, ಗೋಪಾಳದ ಬಾಡಿಗೆ ಮನೆಯಲ್ಲಿ
ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದರು:
ಹೊಸನಗರ, ನಗರ, ಮಾಸ್ತಿಕಟ್ಟೆ,
ಘಟ್ಟ ಇಳಿದರೆ ಹೊಸಂಗಡಿ, ಕುಂದಾಪುರ,
ಆಮೇಲೆ ಬಡಗಕ್ಕೆ ಬರೀ ಕಡಲು.

ಇಪ್ಪತ್ತೆರಡು ವರ್ಷ ಭಟ್ಕಳ, ಗಂಗೊಳ್ಳಿ ಸುತ್ತಿ
ಮೀನು ತುಂಬಿದ ಲಾರಿ.
ಐಸು ಕರಗುವ ಮೊದಲು ಶಿವಮೊಗ್ಗದ ಮಾರ್ಕೆಟ್ಟು.
ಎಲ್ಲಿ ಎರಡನೇ ಗೇರು, ಎಲ್ಲಿ ಬ್ರೇಕು ಸುಟ್ಟ ವಾಸನೆ,
ರಾತ್ರಿ ಎರಡಕ್ಕೆ ಯಾರ ಒಲೆ ಉರಿಯುತ್ತಿರುತ್ತದೆ,
ಎಲ್ಲ ಬಾಯಿಪಾಠ.

'ಹುಲಿಕಲ್ಲಿನ ಆ ದೊಡ್ಡ ತಿರುವಲ್ಲಿ
ಎಡಗಡೆ ಏನಿದೆ?' ಕೇಳಿದೆ.
ಪೆನ್ನು ನಿಂತಿತು.
'ಕತ್ತಲೆ' ಅಂದರು ಖಾರ್ವಿ, ನಗದೆ.

ಮರವಂತೆಯಲ್ಲಿ ಒಂದು ಕಿವಿಗೆ ಸದ್ದು, ಇನ್ನೊಂದಕ್ಕೆ ಏನೂ ಇಲ್ಲ;
ಸದ್ದಿದ್ದ ಕಡೆ ಸಮುದ್ರ, ಇಲ್ಲದ ಕಡೆ ಹೊಳೆ ಅಂತ ಲೆಕ್ಕ.
ಹೊಳೆಯ ಬಣ್ಣ ಕೇಳಲಿಲ್ಲ ನಾನು.

ಕೊಂಡ ಓಮ್ನಿಯ ಒಂದು ಕಣ್ಣು ಒಡೆದಿದೆ.
ರಿಪೇರಿ ಬೇಡ, ಅಂದೆ.
ಬೆಳಿಗ್ಗೆ ಆರಕ್ಕೆ ಹೊರಡೋದು,
ಸಂಜೆ ಆರಕ್ಕೆ ಎಲ್ಲಿದ್ದೇವೋ ಅಲ್ಲೇ ಚಾಪೆ.

ಹೂಂ ಅಂದು ಪಟ್ಟಿ ಮಾಡಿದರು:
ಸ್ಟೆಪ್ನಿ, ಜಾಕು, ಹಗ್ಗ, ಅವಲಕ್ಕಿ, ಟಾರ್ಚು.
ನನ್ನ ಮುಖ ನೋಡಿ ಟಾರ್ಚು ಹೊಡೆದುಹಾಕಿದರು.
ಸ್ವಲ್ಪ ಹೊತ್ತಾದ ಮೇಲೆ,
ಚಿಕ್ಕ ಅಕ್ಷರದಲ್ಲಿ,
ಮತ್ತೆ ಬರೆದರು.