ಮೇಲಕ್ಕೆ ಮಾತ್ರ

ಕರಿಮೆಣಸಿಗೆ ಕಿಲೋಗೆ ಏಳುನೂರು ಬಂದ ವರ್ಷ
ಉತ್ತಯ್ಯನವರು ಗೋಣಿಕೊಪ್ಪಲಿನ ಅಂಚಿನ ಗದ್ದೆಗೆ
ಮಣ್ಣು ಹೊಡೆಸಿ ಮಾಲು ಕಟ್ಟಿಸಿದರು.
ನೀಲಿ ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು;
ಈಗ ಎರಡಕ್ಷರ ಉಳಿದಿವೆ.
ನಮಗೆ ಅಂದೂ ಮಾಲು, ಇಂದೂ ಮಾಲು.

ಅರವತ್ತೆರಡು ಶಟರು. ಅಷ್ಟಕ್ಕೂ ಗ್ರೀಸು ಹಾಕಿದವನು ನಾನು.
ಶಟರ್ ಮೊಯ್ದು ಅಂದರೆ ಪೊನ್ನಂಪೇಟೆವರೆಗೆ ಗೊತ್ತು.
ಒಳಗೆ ಹೋಗಬೇಕಿಲ್ಲ, ಕಿವಿ ಕೊಟ್ಟರೆ ಸಾಕು:
ಒಂಬತ್ತಕ್ಕೆ ದಡದಡ ಎದ್ದರೆ ವ್ಯಾಪಾರ ಇದೆ,
ಹತ್ತೂವರೆಗೆ ಕೆಮ್ಮುತ್ತ ಎದ್ದರೆ ಬಾಡಿಗೆ ಬಾಕಿ,
ಮೊಣಕಾಲೆತ್ತರಕ್ಕೆ ನಿಂತುಬಿಟ್ಟರೆ
ಒಳಗೆ ಯಾರೋ ಸಾಮಾನು ಕಟ್ಟುತ್ತಿದ್ದಾರೆ.

ಚಲಿಸುವ ಮೆಟ್ಟಿಲು ಬಂದಿತ್ತು, ಒಂದೇ ಒಂದು,
ಮೇಲಕ್ಕೆ ಮಾತ್ರ.
ಇಳಿಸುವುದಕ್ಕೆ ದುಡ್ಡು ಸಾಲಲಿಲ್ಲವೋ
ಇಳಿಯುವ ಯೋಚನೆಯೇ ಯಾರಿಗೂ ಇರಲಿಲ್ಲವೋ.
ಬಾಳೆಲೆಯಿಂದ, ತಿತಿಮತಿಯಿಂದ ಜೀಪು ಮಾಡಿಕೊಂಡು ಬಂದರು.
ನಮ್ಮ ಕಡೆ ಸೀರೆಯ ನೆರಿಗೆ ಹಿಂದಕ್ಕಲ್ಲವೇ,
ಬೊಳ್ಳಮ್ಮಕ್ಕ ಅದನ್ನಷ್ಟೂ ಮುಂದಕ್ಕೆಳೆದು
ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕಾಲಿಟ್ಟರು.
ಹತ್ತಿದರು, ನಡೆದು ಇಳಿದರು, ಮತ್ತೆ ಹತ್ತಿದರು.
ಐದು ಸಲ. ಏನೂ ಕೊಳ್ಳಲಿಲ್ಲ.

ಬಾಗಿಲಲ್ಲಿ ರಿಟೈರ್ಡ್ ಹವಾಲ್ದಾರ್ ಕರುಂಬಯ್ಯ, ಬಿಳಿ ಕೈಗವಸು.
ಬುಟ್ಟಿ ಬಿಡುವುದಿಲ್ಲ, ಎಲೆಯಡಿಕೆ ಬಿಡುವುದಿಲ್ಲ.
ಎದುರಿಗೆ ರಸ್ತೆಯಾಚೆ ಭಾನುವಾರದ ಸಂತೆ.
"ಎರಡು ವರ್ಷ, ಆಮೇಲೆ ಅದು ತಾನಾಗಿ ಏಳುತ್ತದೆ"
ಅಂದಿದ್ದರು ಉತ್ತಯ್ಯನವರು, ಗೇರುಬೀಜ ಬಾಯಿಗೆಸೆದುಕೊಳ್ಳುತ್ತ.

ಸುತ್ತಲ ಗದ್ದೆಗಳೂ ಒಂದೊಂದಾಗಿ ಸೈಟಾದವು.
ಮಾಲ್ ವ್ಯೂ ಲೇಔಟ್, ಒಂದನೇ ಅಡ್ಡರಸ್ತೆ.
ಮೆಣಸು ಮುನ್ನೂರಕ್ಕಿಳಿದಾಗ
ಅರ್ಧ ಮನೆಗೆ ಗಿಲಾವೇ ಆಗಿರಲಿಲ್ಲ.
ಕೆಲವು ಹೋಮ್‌ಸ್ಟೇ ಆದವು; ಮಿಕ್ಕವುಗಳಲ್ಲಿ
ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದವರು, ಕೋಣೆಗೆ ಎಂಟು ಜನ,
ಬಾಲ್ಕನಿಯಲ್ಲಿ ಲುಂಗಿ, ಗಂಬೂಟು.

ಮಾಲಿನ ಶಟರುಗಳು ಕೆಮ್ಮತೊಡಗಿದವು.
ಚಪ್ಪಲಿ ಅಂಗಡಿ ಹೋಯಿತು, ಅದರ ಹಿಂದೆ ಮೊಬೈಲಿನವನು.
ಯಾವ ಪಾರ್ಸೆಲ್ಲುಗಳು ಅವರನ್ನು ಎಬ್ಬಿಸಿದವೋ
ಅವೇ ಈಗ ಅಲ್ಲಿ ಸೂರಿನವರೆಗೆ ಪೇರಿಸಿ ಕೂತಿವೆ,
ಗೋದಾಮು.
ಮೇಲೆ, ಮಕ್ಕಳು ಪಿಜ್ಜಾ ತಿನ್ನುತ್ತಿದ್ದಲ್ಲಿ, ಡಯಾಲಿಸಿಸ್ ಕೇಂದ್ರ.
ಕೆಳಗೆ, ಕಾರು ನಿಲ್ಲಿಸುವಲ್ಲಿ, ಜೂನ್ ಬಂದರೆ ಏಡಿ.
ಗದ್ದೆಗೆ ತಾನು ಗದ್ದೆಯೆಂಬುದು ಮರೆತಿಲ್ಲ.
ಹವಾಲ್ದಾರರು ಅದೇ ಕೈಗವಸಿನಲ್ಲಿ ಏಡಿ ಹಿಡಿದು
ಸಂಜೆ ಸಾರಿಗೆ ಒಯ್ಯುತ್ತಾರೆ. ನನಗೂ ನಾಲ್ಕು ಕೊಟ್ಟಿದ್ದಾರೆ,
ಸುಳ್ಳು ಯಾಕೆ ಹೇಳಲಿ.

ಆ ವರ್ಷ ರಸ್ತೆ ಅಗಲ ಮಾಡುತ್ತೇವೆಂದು ಸಂತೆಯನ್ನು ಎಬ್ಬಿಸಿದರು.
ಶನಿವಾರ ರಾತ್ರಿ ಫೋನು: ಉತ್ತಯ್ಯನವರ ಸೊಸೆ.
"ಮೊಯ್ದು, ನಾಳೆ ಐದು ಗಂಟೆಗೆ ಬಾ.
ಇರುವ ಶಟರನ್ನೆಲ್ಲ ಎತ್ತಬೇಕು."
ಮೂರು ಡಬ್ಬಿ ಗ್ರೀಸು, ಒಂದು ಸುತ್ತಿಗೆ.
ನಲವತ್ತೊಂದನೆಯದು ಏಳಲೇ ಇಲ್ಲ, ಇವತ್ತಿಗೂ ಎದ್ದಿಲ್ಲ,
ಉಳಿದವು ಬೈಯುತ್ತ ಬೈಯುತ್ತ ಎದ್ದವು.

ಏಳಕ್ಕೆಲ್ಲ ಬುಟ್ಟಿ, ಎಲೆಯಡಿಕೆ, ಕೋಳಿ, ಕಾಲು ಕಟ್ಟಿದ್ದು.
ಹವಾಲ್ದಾರರು ತಲೆಗೆ ಹತ್ತು ರೂಪಾಯಿಯ ಚೀಟಿ ಹರಿಯುತ್ತಿದ್ದರು.
ನಿಂತುಹೋದ ಮೆಟ್ಟಿಲಿನ ಮೇಲೆ, ಮೆಟ್ಟಿಲಿಗೊಬ್ಬರಂತೆ:
ಒಣಮೀನು, ಬಟ್ಟೆಪಿನ್ನು, ಗಾಂಧಾರಿ ಮೆಣಸು,
ಟಾರ್ಚು, ಇಲಿಪಾಷಾಣ; ತುದಿಗೆ ಹತ್ತಿರ ಮೊಫಿದುಲ್,
ಯಾರೋ ಬಿಚ್ಚಿಟ್ಟ ಸ್ವೆಟರುಗಳ ರಾಶಿ.

ಲಿಫ್ಟು ಕೆಟ್ಟು ವರ್ಷವಾಯಿತು.
ವಾರಕ್ಕೆ ಮೂರು ದಿನ ಸೂಜಿ ಚುಚ್ಚಿಸಿಕೊಳ್ಳುವ ಬೊಳ್ಳಮ್ಮಕ್ಕ
ಭಾನುವಾರ ಈ ದಾರಿಯಲ್ಲೇ ಹತ್ತಬೇಕು.
ಎರಡು ಮೆಟ್ಟಿಲಿಗೊಮ್ಮೆ ಉಸಿರು ಹಿಡಿಯುತ್ತದೆ.
ಸುಮ್ಮನೆ ನಿಂತರೆ ಜನ ಅಯ್ಯೋ ಅನ್ನುತ್ತಾರಲ್ಲ,
ಅದಕ್ಕೆ ನಿಂತಲ್ಲೆಲ್ಲ ವ್ಯಾಪಾರ.
ಒಣಮೀನು ಮೂಸಿ ನೋಡಿದರು, ಪಿನ್ನು ಕೊಂಡರು,
ಬ್ಯಾಟರಿ ಹಾಕಿಸಿ ಟಾರ್ಚನ್ನು ನನ್ನ ಮುಖಕ್ಕೇ ಬಿಟ್ಟರು.

ಮೇಲಿನಿಂದ ಸಿಸ್ಟರ್ ಕೂಗುತ್ತಾಳೆ:
"ಆಂಟೀ, ಮೆಷಿನ್ ಖಾಲಿ ಇದೆ, ಬನ್ನಿ!"
ಬೊಳ್ಳಮ್ಮಕ್ಕ ಮೊಫಿದುಲ್ಲನ ಸ್ವೆಟರಿನ ತೋಳು ಹಿಡಿದೆಳೆದು
ನೂಲು ಗಟ್ಟಿಯೋ ನೋಡುತ್ತ,
"ಇರೇ. ಇವನು ಇನ್ನೂ ಎಂಬತ್ತರಲ್ಲೇ ಇದ್ದಾನೆ."